ಅಳಿಸಿದ ಬರಹ, ಉಳಿದ ಮಾತು: ಕಕೇಶಿಯನ್ ಅಲ್ಬೇನಿಯನ್ ಓದಿನ ಇತಿಹಾಸ

ಈಶಾನ್ಯ ಕಾಕಸಸ್ ಕುಟುಂಬದ ಸುಮಾರು ಮೂವತ್ತು ಭಾಷೆಗಳಲ್ಲಿ ಬಹುಪಾಲಿಗೆ ಪ್ರಾಚೀನ ಲಿಖಿತ ದಾಖಲೆಗಳಿಲ್ಲ. ಅವುಗಳ ಪೂರ್ವರೂಪಗಳನ್ನು ಇಂದಿನ ಆಡುರೂಪಗಳ ಹೋಲಿಕೆಯಿಂದಲೇ ಪುನಾರಚಿಸಬೇಕಾಗಿದೆ. ಇದಕ್ಕೆ ಮಹತ್ತ್ವದ ಅಪವಾದ, ಬಾಲ್ಕನ್ ಪ್ರದೇಶದ ಅಲ್ಬೇನಿಯನ್ನಿಗೆ ಸಂಬಂಧವಿಲ್ಲದ ಕಕೇಶಿಯನ್ ಅಲ್ಬೇನಿಯನ್. ಇದನ್ನು ಓದಲು ಸಾಧ್ಯವಾದುದರಲ್ಲಿ ಲಿಪಿಶೋಧದಷ್ಟೇ ಪಾತ್ರ ಜೀವಂತ ಭಾಷೆಯೊಂದಕ್ಕೂ ಇದೆಯೆಂದು ನಾವಿಲ್ಲಿ ವಾದಿಸುತ್ತೇವೆ.

ಆರ್ಮೇನಿಯನ್ ಲಿಪಿಯನ್ನು ರೂಪಿಸಿದ ಮೆಸ್ರೋಪ್ ಮಾಷ್ಟೋಟ್ಸನೇ ಅಲ್ಬೇನಿಯನ್ನರಿಗೂ ಲಿಪಿಯೊಂದನ್ನು ರೂಪಿಸಿದನೆಂದು ಐದನೆಯ ಶತಮಾನದ ಲೇಖಕ ಕೊರ್ಯೂನ್ ಹೇಳುತ್ತಾನೆ. ಆ ಲಿಪಿಯ ಸ್ವರೂಪ ಸ್ಪಷ್ಟವಾದದ್ದು 1937ರಲ್ಲಿ; ಇಲಿಯಾ ಅಬುಲಾಡ್ಜೆ ಆರ್ಮೇನಿಯನ್ ಹಸ್ತಪ್ರತಿಯೊಂದರಲ್ಲಿ ಅದರ ಅಕ್ಷರಪಟ್ಟಿಯನ್ನು ಗುರುತಿಸಿದಾಗ. ಅನಂತರ ಅಜರ್‌ಬೈಜಾನಿನ ಮಿಂಗೆಚೌರ್ ಉತ್ಖನನದಲ್ಲಿ ಕೆಲವು ಕಿರುಶಾಸನಗಳು ದೊರೆತವಾದರೂ ವ್ಯಾಕರಣ ಕಟ್ಟಲು ಅವು ಸಾಲುತ್ತಿರಲಿಲ್ಲ.

ಆ ಕೊರತೆ ನೀಗಿದ್ದು ಸಿನಾಯ್‌ನ ಸಂತ ಕ್ಯಾಥರೀನ್ ಮಠದಲ್ಲಿ. 1975ರ ಅಗ್ನಿ ಅವಘಡದ ಬಳಿಕ ಅಲ್ಲಿ ಮರೆತುಹೋಗಿದ್ದ ಹಸ್ತಪ್ರತಿಗಳು ಬೆಳಕಿಗೆ ಬಂದವು. ಅವುಗಳ ಪೈಕಿ ಎರಡು ಜಾರ್ಜಿಯನ್ ಪ್ರತಿಗಳ ಅಡಿಯಲ್ಲಿ ಅಳಿಸಲಾಗಿದ್ದ ಅಲ್ಬೇನಿಯನ್ ಬರಹವನ್ನು 1990ರ ದಶಕದಲ್ಲಿ ಜಾಜಾ ಅಲೆಕ್ಸಿಡ್ಜೆ ಗುರುತಿಸಿದರು. ಯೋಸ್ಟ್ ಗಿಪ್ಪರ್ಟ್, ವೋಲ್ಫ್‌ಗಾಂಗ್ ಶುಲ್ಟ್ಸೆ, ಅಲೆಕ್ಸಿಡ್ಜೆ ಮತ್ತು ಜಾನ್-ಪಿಯೆರ್ ಮಾಎ ಸಿದ್ಧಪಡಿಸಿದ ಸಂಪಾದಿತ ಆವೃತ್ತಿ 2008ರಲ್ಲಿ ಹೊರಬಂದಿತು.

ಈ ಓದು ಮೂರು ಆಧಾರಗಳ ಮೇಲೆ ನಿಂತಿದೆ. ಅಕ್ಷರಪಟ್ಟಿ ಧ್ವನಿಮೌಲ್ಯಗಳಿಗೆ ಸುಳಿವು ನೀಡಿತು. ಪಠ್ಯವು ಯೋಹಾನನ ಸುವಾರ್ತೆ ಮತ್ತು ಆರಾಧನಾ ಪಠಣಗಳದ್ದಾಗಿದ್ದರಿಂದ ಆರ್ಮೇನಿಯನ್, ಜಾರ್ಜಿಯನ್ ಅನುವಾದಗಳೊಡನೆ ಹೋಲಿಸಿ ವಾಕ್ಯಾರ್ಥವನ್ನು ನಿರ್ಧರಿಸಬಹುದಾಗಿತ್ತು. ಆದರೆ ವಾಕ್ಯದ ಅರ್ಥ ತಿಳಿದ ಮಾತ್ರಕ್ಕೆ ಧಾತು ಯಾವುದು, ಪ್ರತ್ಯಯ ಯಾವುದು ಎಂಬುದು ತಾನಾಗಿ ತಿಳಿಯದು. ಅಲ್ಲಿ ನೆರವಾದದ್ದು ಅಜರ್‌ಬೈಜಾನಿನ ನಿಜ್ ಗ್ರಾಮ ಮೊದಲಾದೆಡೆ ಕೆಲವೇ ಸಾವಿರ ಜನರಾಡುವ, ಲೆಜ್ಗಿಕ್ ಶಾಖೆಯ ಉದಿ ಭಾಷೆ. ಆಂಟನ್ ಶೀಫ್ನರ್ 1863ರಲ್ಲೇ ಇದರ ವಿವರಣೆಯನ್ನು ಪ್ರಕಟಿಸಿದ್ದನು. ಒಂದಕ್ಕೆ 'ಸ', ಮೂರಕ್ಕೆ 'ಖಿಬ್' ಎಂಬಂಥ ರೂಪಗಳು ಎರಡರಲ್ಲಿಯೂ ಕಾಣುವ ನಂಟಿನ ಸರಳ ಸಾಕ್ಷ್ಯಗಳು.

ಈ ಉಪಕಾರ ಒಮ್ಮುಖವಾದುದಲ್ಲ. ಪುರುಷವನ್ನು ಸೂಚಿಸುವ ಉದಿಯ ಅಂಟುರೂಪಗಳು ಲೆಜ್ಗಿಕ್ ಶಾಖೆಯಲ್ಲಿ ಅಪರೂಪದವು. ಸಾವಿರ ವರ್ಷಕ್ಕೂ ಹಿಂದಿನ ಈ ಪಠ್ಯದಲ್ಲಿಯೂ ಅಂಥ ರೂಪಗಳಿರುವುದರಿಂದ, ಅವು ಅಜರ್‌ಬೈಜಾನಿ ಸಂಪರ್ಕದಿಂದ ಈಚೆಗೆ ಹುಟ್ಟಿದವೆಂಬ ವಿವರಣೆ ನಿಲ್ಲದು.

ಉದಿ ಭಾಷೆ ನೂರೈವತ್ತು ವರ್ಷಗಳ ಹಿಂದೆ ದಾಖಲಾಗದೆ ಅಳಿದಿದ್ದರೆ, ಸಿನಾಯ್ ಪುಟಗಳು ಸಿಕ್ಕಿಯೂ ಅವುಗಳ ವ್ಯಾಕರಣ ಬಹುಮಟ್ಟಿಗೆ ಮುಚ್ಚಿಯೇ ಇರುತ್ತಿತ್ತು. ಈ ಕುಟುಂಬದಲ್ಲಿ ಒಂದೇ ಊರಿಗೆ ಸೀಮಿತವಾದ ಭಾಷೆಗಳು ಹಲವಿವೆ. ಅವುಗಳ ದಾಖಲೀಕರಣವನ್ನು ಐತಿಹಾಸಿಕ ಭಾಷಾವಿಜ್ಞಾನದ ಮೂಲಕಾರ್ಯವೆಂದೇ ಪರಿಗಣಿಸಬೇಕೆಂಬುದು ನಮ್ಮ ನಿಲುವು.