ಹಳೆಯ ಪಿಕಪ್ ವಾಹನ: ಕೊಳ್ಳುವ ಬೆಲೆಯಷ್ಟೇ ಮುಖ್ಯ ದುರಸ್ತಿಯ ಲೆಕ್ಕ

ಸರಕು ಸಾಗಣೆಯನ್ನು ಸ್ವಂತ ಉದ್ಯೋಗವಾಗಿಸಿಕೊಳ್ಳಬಯಸುವ ಅನೇಕರಿಗೆ ಮೊದಲ ಬಂಡವಾಳವೆಂದರೆ ಹಳೆಯ ಪಿಕಪ್ ವಾಹನ. ಹೊಸದಕ್ಕಿಂತ ಬಹಳ ಕಡಿಮೆ ಬೆಲೆಗೆ ದೊರೆಯುವುದೇ ಅದರ ಆಕರ್ಷಣೆ. ಆದರೆ ಸಾಲ ಮಾಡಿ ಕೊಂಡ ವಾಹನ ಮೂರು ವಾರ ಗ್ಯಾರೇಜಿನಲ್ಲಿ ನಿಂತರೆ ದುಡಿಮೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಯಾವ ಭಾಗ ಮೊದಲು ಸವೆಯುತ್ತದೆ, ಅದನ್ನು ಸರಿಪಡಿಸಲು ಎಷ್ಟು ಹಣ ಬೇಕು ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದಿರುವುದು ಅವಶ್ಯ.

ರಾಜ್ಯದ ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುವವು 2005ರಲ್ಲಿ ರಸ್ತೆಗಿಳಿದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಹಾಗೂ ಮಹೀಂದ್ರ ಬೊಲೆರೊ ಪಿಕಪ್. ಮುಂದೆ ನೀಡಿರುವ ಮೊತ್ತಗಳು ಖಾಸಗಿ ಗ್ಯಾರೇಜುಗಳಲ್ಲಿ ತಗಲುವ ಸ್ಥೂಲ ಅಂದಾಜುಗಳು. ಊರು, ಮಾದರಿ ಮತ್ತು ಬಿಡಿಭಾಗದ ಗುಣಮಟ್ಟಕ್ಕೆ ತಕ್ಕಂತೆ ಅವು ಬದಲಾಗುತ್ತವೆ. ಕಂಪನಿಯ ಅಧಿಕೃತ ಸೇವಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು.

ಎಂಜಿನ್

ವಾಹನ ನೋಡಲು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿಯಾಗಿಸಿಟ್ಟಿದ್ದರೆ ಅನೇಕ ದೋಷಗಳು ಮರೆಯಾಗಿರುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆ ಇಂಧನ ಅಥವಾ ಗಾಳಿಯ ಪೂರೈಕೆಯಲ್ಲಿನ ದೋಷದ ಗುರುತು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆರೆದು ನೋಡಿ; ಅಲ್ಲಿಂದ ರಭಸವಾಗಿ ಹೊಗೆ ಹೊಮ್ಮಿದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ ಎಂದು ಶಂಕಿಸಬೇಕು.

ಮೊದಲ ತಲೆಮಾರಿನ ಏಸ್‌ನದು 702 ಸಿ.ಸಿ.ಯ, ಟರ್ಬೊ ಇಲ್ಲದ, ಎರಡು ಸಿಲಿಂಡರಿನ ಸರಳ ಡೀಸೆಲ್ ಎಂಜಿನ್. ಅದರ ಪೂರ್ಣ ದುರಸ್ತಿ 25ರಿಂದ 45 ಸಾವಿರ ರೂಪಾಯಿಯಲ್ಲಿ ಮುಗಿಯಬಹುದು. ಬೊಲೆರೊ ಪಿಕಪ್‌ನ 2523 ಸಿ.ಸಿ. ಎಂಜಿನ್ನಿಗೆ ಅದೇ ಕೆಲಸಕ್ಕೆ 60 ಸಾವಿರದಿಂದ 1 ಲಕ್ಷ ರೂ. ದಾಟಬಹುದು. ಹೆಡ್ ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ, ಲೇತ್ ಕೆಲಸವೂ ಸೇರಿ 8ರಿಂದ 15 ಸಾವಿರ ರೂ. ಸಾಕು. ಆದರೆ ಬಿಸಿಯೇರಿದ ಎಂಜಿನ್ನನ್ನು ಹಾಗೆಯೇ ಓಡಿಸಿದ್ದರೆ ಹೆಡ್ ಬಾಗಿ ಅಥವಾ ಸೀಳಿ ಖರ್ಚು ಹಲವು ಪಟ್ಟಾಗುತ್ತದೆ. ಏಸ್‌ನ ಟೈಮಿಂಗ್ ಬೆಲ್ಟ್ ಎಂದು ಬದಲಾಗಿದೆಯೆಂಬುದಕ್ಕೆ ಬಿಲ್ಲು ಇಲ್ಲದಿದ್ದರೆ, ಕೊಂಡ ಕೂಡಲೇ ಬದಲಿಸುವುದು ಲೇಸು. ಅದು ತುಂಡಾದರೆ ವಾಲ್ವ್‌ಗಳು ಬಾಗುತ್ತವೆ.

ಇಂಜೆಕ್ಟರ್, ಟರ್ಬೊ ಮತ್ತು ಹೊಗೆ ಶೋಧಕ

ಕಾಮನ್ ರೈಲ್ ತಂತ್ರದ ವಾಹನಗಳಲ್ಲಿ ಮೈಲೇಜ್ ಹಾಗೂ ಎಳೆತ ಹೆಚ್ಚು. ಆದರೆ ನೀರು ಬೆರೆತ ಅಥವಾ ಕಲಬೆರಕೆ ಡೀಸೆಲನ್ನು ಅವು ಸಹಿಸವು. ಒಂದು ಇಂಜೆಕ್ಟರ್ ದುರಸ್ತಿಗೆ 4ರಿಂದ 8 ಸಾವಿರ, ಹೊಸದಕ್ಕೆ 12ರಿಂದ 20 ಸಾವಿರ ರೂ. ಬೇಕಾಗಬಹುದು, ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರ್ ಎಂಬುದನ್ನು ಮರೆಯಬಾರದು. ಎತ್ತರದಲ್ಲಿ ಎಳೆತ ಕುಸಿದು ಸಿಳ್ಳೆಯಂತಹ ಸದ್ದು ಬಂದರೆ ಟರ್ಬೊ ಪರೀಕ್ಷಿಸಬೇಕು. ಅದರ ದುರಸ್ತಿ 6ರಿಂದ 12 ಸಾವಿರ, ಹೊಸದು 20ರಿಂದ 35 ಸಾವಿರ ರೂ.

ಬಿಎಸ್-6 ನಿಯಮ ದೇಶದಾದ್ಯಂತ ಜಾರಿಯಾದದ್ದು 2020ರ ಏಪ್ರಿಲ್ 1ರಂದು. ಆ ನಂತರದ ಅನೇಕ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿದೆ. ಹೊಗೆ ಕೊಳವೆ ಚೆನ್ನಾಗಿ ಕಾದಾಗ ಮಾತ್ರ ಅದರೊಳಗಿನ ಮಸಿ ಸುಟ್ಟುಹೋಗುತ್ತದೆ. ನಗರದೊಳಗೆ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ವಾಹನಗಳಲ್ಲಿ ಮಸಿ ಶೇಖರವಾಗಿ ಶೋಧಕ ಕಟ್ಟಿಕೊಳ್ಳುತ್ತದೆ. ಶುಚಿಗೊಳಿಸಲು ಕೆಲವು ಸಾವಿರ ಸಾಕಾದರೂ, ಬದಲಿಸಬೇಕಾದರೆ 50 ಸಾವಿರ ರೂ. ಮೀರಬಹುದು. ಕೀಲಿ ತಿರುಗಿಸಿದಾಗ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿಕೊಂಡು, ಚಾಲೂ ಆದ ಮೇಲೆ ಆರಬೇಕು. ದೀಪವೇ ಹೊತ್ತದಿದ್ದರೆ ಅದನ್ನು ಕಳಚಿಡಲಾಗಿದೆಯೆಂದು ಸಂಶಯಿಸಬೇಕು. ಶೋಧಕವನ್ನೇ ಕಿತ್ತುಹಾಕಿದ ವಾಹನ ಕಾನೂನಿಗೆ ವಿರುದ್ಧ. ಅಂಥದನ್ನು ಕೊಳ್ಳದಿರುವುದೇ ಕ್ಷೇಮ.

ಕ್ಲಚ್ ಮತ್ತು ಗೇರ್

ಭಾರ ಹೊತ್ತು ಏರು ಹತ್ತುವ ವಾಹನದಲ್ಲಿ ಬೇಗ ಸವೆಯುವ ಭಾಗಗಳಲ್ಲಿ ಕ್ಲಚ್ ಒಂದು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ನಿತ್ಯ ಓಡಾಡಿದ ವಾಹನಗಳ ವಿಷಯದಲ್ಲಿ ವಿಶೇಷ ಗಮನ ಅಗತ್ಯ. ಓಟದಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆಯೆಂದು ತಿಳಿಯಬೇಕು. ಪೂರ್ತಿ ಸೆಟ್ ಮತ್ತು ಕೂಲಿ ಸೇರಿ 5ರಿಂದ 10 ಸಾವಿರ ರೂ. ಆಗುತ್ತದೆ. ಎರಡನೇ ಗೇರಿಗೆ ಹಾಕುವಾಗ ಕರಕರ ಸದ್ದು ಬಂದರೆ, ಅಥವಾ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ. ಅದಕ್ಕೆ 10ರಿಂದ 25 ಸಾವಿರ ರೂ. ಹಿಂದಿನ ಹೌಸಿಂಗ್‌ನಿಂದ ಗುಂಯ್‌ಗುಡುವ ಸದ್ದು ಕ್ರೌನ್ ಸವೆದಿರುವ ಸೂಚನೆ.

ಚಾಸಿ ಮತ್ತು ಸ್ಪ್ರಿಂಗ್

ಎಂಜಿನ್ನನ್ನು ಹಣ ಕೊಟ್ಟು ಸರಿಪಡಿಸಬಹುದು; ಬಾಗಿದ ಚಾಸಿಯನ್ನು ಪೂರ್ಣವಾಗಿ ಸರಿಪಡಿಸುವುದು ಕಷ್ಟ. ಮೊದಲ ಏಸ್‌ಗೆ ಕಂಪನಿ ನಿಗದಿಪಡಿಸಿದ ಭಾರ ಸುಮಾರು ಮುಕ್ಕಾಲು ಟನ್. ಅದರ ಎರಡರಷ್ಟು ಇಟ್ಟಿಗೆ, ಜಲ್ಲಿ ಹೊತ್ತ ವಾಹನಗಳು ಕಡಿಮೆಯೇನಲ್ಲ. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳು ಚಪ್ಪಟೆಯಾಗಿರುವುದು, ಹೆಚ್ಚುವರಿ ಪ್ಲೇಟ್ ಸೇರಿಸಿರುವುದು, ಸ್ಪ್ರಿಂಗ್ ಕೂರುವ ಜಾಗದಲ್ಲಿ ವೆಲ್ಡಿಂಗ್ ಗುರುತು, ಅದರ ಮೇಲೆ ಹೊಸ ಕಪ್ಪು ಬಣ್ಣ ಇವೆಲ್ಲ ಅತಿಭಾರದ ಸಾಕ್ಷಿಗಳು. ಪ್ಲೇಟ್ ಬದಲಿಸಲು ತಲಾ 1ರಿಂದ 2.5 ಸಾವಿರ ರೂ. ಸಾಕು. ಚಾಸಿಯಲ್ಲಿ ಬಿರುಕು ಕಂಡರೆ ವ್ಯವಹಾರವನ್ನೇ ಕೈಬಿಡುವುದು ವಿವೇಕ.

ಕರಾವಳಿಯಲ್ಲಿ ಮೀನು ಸಾಗಿಸಿದ ವಾಹನಗಳದು ಬೇರೆಯೇ ಸಮಸ್ಯೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಸದಾ ತೊಟ್ಟಿಕ್ಕಿ ಚಾಸಿ, ಬ್ರೇಕ್ ಕೊಳವೆಗಳು ತುಕ್ಕು ಹಿಡಿದಿರುತ್ತವೆ. ಎಂಜಿನ್ ಹೊಸದರಂತಿದ್ದರೂ ಅಂಥ ವಾಹನವನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಕೆಳಗಿನಿಂದ ನೋಡದೆ ಕೊಳ್ಳಬಾರದು.

ಬ್ರೇಕ್, ಟೈರ್, ದಾಖಲೆ

ಬ್ರೇಕ್ ಲೈನರ್, ಸಿಲಿಂಡರ್ ಕೆಲಸಕ್ಕೆ 4ರಿಂದ 8 ಸಾವಿರ ರೂ. ಟೈರ್ ಒಂದಕ್ಕೆ ಏಸ್‌ಗೆ 3ರಿಂದ 4.5 ಸಾವಿರ, ಬೊಲೆರೊ ಪಿಕಪ್‌ಗೆ 6ರಿಂದ 9 ಸಾವಿರ. ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್, ಬೇರಿಂಗ್, ಕಿಂಗ್‌ಪಿನ್‌ಗಳನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18 ಆಗಿದೆ. ಅಂದಾಜು ಕೇಳುವಾಗ ತೆರಿಗೆ ಸೇರಿದೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ.

ಸರಕು ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿವರ್ಷ ಎಫ್.ಸಿ. ಮಾಡಿಸಬೇಕು. ಎಫ್.ಸಿ. ಮುಗಿಯುವ ಹೊತ್ತಿಗೆ ಮಾರಾಟಕ್ಕೆ ಬಂದ ವಾಹನದ ದುರಸ್ತಿ ವೆಚ್ಚ ಕೊಳ್ಳುವವರ ತಲೆಗೇ ಬರುತ್ತದೆ. ಸಾಲ ತೀರಿದ್ದಕ್ಕೆ ಹಣಕಾಸು ಸಂಸ್ಥೆಯ ಪತ್ರ ಪಡೆಯದೆ ಪೂರ್ತಿ ಹಣ ಕೊಡಬಾರದು. ವಾಹನ ಕೊಂಡ 14 ದಿನಗಳೊಳಗೆ ವಿಮೆಯ ವರ್ಗಾವಣೆಗೂ ಅರ್ಜಿ ಸಲ್ಲಿಸಬೇಕು.

ಕೊನೆಯ ಲೆಕ್ಕ

3 ಲಕ್ಷ ರೂ. ಹೇಳಿದ ಬೊಲೆರೊ ಪಿಕಪ್‌ಗೆ ಕ್ಲಚ್ 8 ಸಾವಿರ, ಎರಡು ಟೈರ್ 15 ಸಾವಿರ, ಸ್ಪ್ರಿಂಗ್ 6 ಸಾವಿರ, ಬ್ರೇಕ್ 6 ಸಾವಿರ, ಬ್ಯಾಟರಿ 6 ಸಾವಿರ ಬೇಕಾದರೆ ಒಟ್ಟು 41 ಸಾವಿರ ರೂ. ಎಂಜಿನ್ ಚೆನ್ನಾಗಿದ್ದೂ ಬರುವ ಖರ್ಚಿದು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಚೌಕಾಸಿ ಮಾಡಿದರೆ ಬೆಲೆ ಇಳಿಯುತ್ತದೆ. ಇರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ ಐದನೇ ಒಂದು ಭಾಗವನ್ನು ದುರಸ್ತಿಗೆಂದು ಬದಿಗಿರಿಸುವುದು ಒಳ್ಳೆಯದು. ಮಾರುವವರ ಪರಿಚಯವಿಲ್ಲದ, ತಮ್ಮದೇ ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರಿಗೆ ಕೊಡುವ ಸಾವಿರ ರೂಪಾಯಿ ಮುಂದೆ ಲಕ್ಷ ರೂಪಾಯಿಯ ನಷ್ಟವನ್ನು ತಪ್ಪಿಸಬಹುದು.