ಬಳುವಳಿಯಾಗಿ ಹೋದ ಎರಡು ಊರುಗಳು

ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಕೊಟ್ಟು ಮದುವೆ ಮಾಡಿದಾಗ ಬಳುವಳಿಯಾಗಿ ಮುಂಬಯಿಯನ್ನು ಕೊಟ್ಟರೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದೇ 1661ರ ಒಪ್ಪಂದದಲ್ಲಿ ಇನ್ನೊಂದು ಊರೂ ಇತ್ತು. ಅದು ಆಫ್ರಿಕಾದ ತುದಿಯಲ್ಲಿರುವ ಮೊರಾಕ್ಕೋದ ಟ್ಯಾಂಜಿಯರ್. ಈ ಎರಡು ಊರುಗಳ ನಡುವೆ ನಮ್ಮ ಕಾರವಾರದ ಕಡಲೂ ಬರುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು.

ಟ್ಯಾಂಜಿಯರ್ ಅರಬರೂ ಬರ್ಬರ್ ಜನರೂ ಕೂಡಿ ಬಾಳಿದ ನಾಡು. ಈ ಹೆಸರು ಕೇಳಿ ನಮ್ಮ 'ಬರ್ಬರ' ಶಬ್ದವನ್ನು ನೆನೆಯಬೇಡಿ. ಅವರು ತಮ್ಮನ್ನು ಅಮಾಝಿಘ್ ಎಂದು ಕರೆದುಕೊಳ್ಳುತ್ತಾರೆ. ಪೋರ್ಚುಗೀಜರು 1415ರಲ್ಲಿ ಅಲ್ಲಿಯ ಸ್ಯೂಟಾ ಬಂದರನ್ನು, 1471ರಲ್ಲಿ ಟ್ಯಾಂಜಿಯರನ್ನು ಹಿಡಿದರು. ಪರರ ದಂಡೆಯಲ್ಲಿ ಕೋಟೆ ಕಟ್ಟಿ ಕೂಡ್ರುವ ವಿದ್ಯೆಯನ್ನು ಅವರು ಮೊದಲು ಕಲಿತದ್ದು ಅಲ್ಲಿ. ವಾಸ್ಕೋ ಡ ಗಾಮ ನಮ್ಮ ಕಡಲಿಗೆ ಬಂದದ್ದು ಆಮೇಲೆ, 1498ರಲ್ಲಿ.

ಅದಕ್ಕೂ ನೂರೈವತ್ತು ವರ್ಷ ಮೊದಲೇ ಟ್ಯಾಂಜಿಯರಿನವನೊಬ್ಬ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅವನೇ ಪ್ರವಾಸಿ ಇಬ್ನ್ ಬತೂತ. ಅವನ ಕೈಯಲ್ಲಿ ಫಿರಂಗಿ ಇರಲಿಲ್ಲ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದೂ ಅಲ್ಲಿಯ ಮುಸಲ್ಮಾನ ಹೆಂಗಸರಿಗೆ ಕುರಾನ್ ಬಾಯಿಪಾಠವಾಗಿತ್ತೆಂದೂ ಅವನು ಹೇಳಿದ್ದಾನೆ. ಇಷ್ಟು ವರ್ಷ ಹುಡುಗಿಯರಿಗೆ ಪಾಠ ಹೇಳಿದ ನನಗೆ ಈ 13 ಎಂಬ ಅಂಕೆ ಯಾವ ಯುದ್ಧದ ಇಸವಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆ ಕಾಲದಲ್ಲಿ ಅರಬರ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿಯುತ್ತಿದ್ದವು, ಘಟ್ಟದ ಮೆಣಸು ಹಡಗು ಹತ್ತುತ್ತಿತ್ತು. ಪೋರ್ಚುಗೀಜರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಪರ್ಶಿಯಾ ಕೊಲ್ಲಿಯ ಹೊರ್ಮುಜ್ ಬಂದರನ್ನೂ ಹಿಡಿದ ಮೇಲೆ ಕುದುರೆ ವ್ಯಾಪಾರವನ್ನು ಗೋವೆಗೆ ತಿರುಗಿಸಿದರು. ತಮ್ಮ ಪರವಾನಗಿ ಚೀಟಿ ಇಲ್ಲದ ಹಡಗನ್ನು ದೋಚಿದರು. ಎಲ್ಲರದ್ದಾಗಿದ್ದ ಕಡಲಿಗೆ ಯಜಮಾನ ಹುಟ್ಟಿಕೊಂಡ.

ಇನ್ನು ಬಳುವಳಿಯ ಕಥೆ. ಒಪ್ಪಂದದ ಕಾಲಕ್ಕೆ ಪೋರ್ಚುಗಲ್ಲಿನ ಆಡಳಿತ ಕ್ಯಾಥರೀನಳ ತಾಯಿ ಲೂಯಿಸಾಳ ಕೈಯಲ್ಲಿತ್ತು. ಸ್ಪೇನಿನಿಂದ ರಾಜ್ಯ ಉಳಿಸಿಕೊಳ್ಳಲು ಆಕೆಗೆ ಇಂಗ್ಲೆಂಡಿನ ನೆರವು ಬೇಕಿತ್ತು. ಮಗಳ ಸಂಗಡ ಊರುಗಳನ್ನೂ ಕೊಟ್ಟಳು. ತನ್ನ ತವರಿನ ಊರುಗಳನ್ನಲ್ಲ, ಪರರದ್ದನ್ನು.

ಮುಂಬಯಿಯನ್ನು ವಹಿಸಿಕೊಳ್ಳಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ಸುಮಾರು 400 ಸಿಪಾಯಿಗಳೊಂದಿಗೆ ಬಂದ. ಅಲ್ಲಿಯ ಪೋರ್ಚುಗೀಜರು ಕಾಗದಪತ್ರದ ನೆವ ಹೇಳಿ ಊರು ಬಿಟ್ಟುಕೊಡಲಿಲ್ಲ. ಸುರತೆಯ ಇಂಗ್ಲಿಷ್ ವ್ಯಾಪಾರಿಗಳು ಮೊಗಲರಿಗೆ ಹೆದರಿ ಜಾಗ ಕೊಡಲಿಲ್ಲ. ಕೊನೆಗೆ ಅವರು ಇಳಿದದ್ದು ಬಿಣಗಾದ ಎದುರಿಗಿರುವ ಅಂಜದೀವ್ ನಡುಗಡ್ಡೆಯಲ್ಲಿ. ನಮ್ಮ ಕರಾವಳಿಯ ಮಳೆಗಾಲವೆಂದರೆ ಗೊತ್ತಲ್ಲ! ರೋಗರುಜಿನಗಳಿಗೆ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಮುಂಬಯಿ ಕೈಗೆ ಬಂದಾಗ ಉಳಿದವರು ನೂರರ ಆಸುಪಾಸು. ಯಾವ ಮದುವೆಗೆ ಯಾರ ಮಕ್ಕಳ ಪ್ರಾಣ ಹೋಯಿತು ನೋಡಿ. ಅವರಿಗೂ ಮನೆಯಲ್ಲಿ ತಾಯಂದಿರಿದ್ದರು.

ಇಷ್ಟು ಕಷ್ಟಪಟ್ಟು ಪಡೆದ ಮುಂಬಯಿಯನ್ನು ದೊರೆ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ. ಟ್ಯಾಂಜಿಯರಿನಲ್ಲಿ ಮೊರಾಕ್ಕೋದವರು ಬಿಡದೆ ಕಾಡಿದ್ದರಿಂದ 1684ರಲ್ಲಿ ಇಂಗ್ಲಿಷರು ತಾವೇ ಕಟ್ಟಿದ ಬಂದರುಗೋಡೆಯನ್ನು ಸಿಡಿಸಿ ಹಡಗು ಹತ್ತಿದರು. ಒಂದು ಬಳುವಳಿ ನಷ್ಟವೆಂದು ಕೈಬಿಟ್ಟುಹೋಯಿತು. ಇನ್ನೊಂದು ಸಾಮ್ರಾಜ್ಯಕ್ಕೆ ಹೆಬ್ಬಾಗಿಲಾಯಿತು. 1862ರಲ್ಲಿ ನಮ್ಮ ಜಿಲ್ಲೆಯನ್ನೂ ಆ ಮುಂಬಯಿಗೇ ಸೇರಿಸಿದರು.

ಆದರೆ ಕೊಟ್ಟವರೂ ಪಡೆದವರೂ ಕೇಳದೆ ಬಿಟ್ಟ ಜನ ಸುಮ್ಮನಿರಲಿಲ್ಲ. ಮೊರಾಕ್ಕೋದ ರಿಫ್ ಬೆಟ್ಟಗಳ ಬರ್ಬರರು ಅಬ್ದುಲ್ ಕರೀಮನ ಮುಂದಾಳುತನದಲ್ಲಿ 1921ರಿಂದ 1926ರ ವರೆಗೆ ಸ್ಪೇನ್, ಫ್ರಾನ್ಸ್‌ಗಳ ವಿರುದ್ಧ ಹೋರಾಡಿ ಸೋತರು. ನಾಲ್ಕೇ ವರ್ಷಕ್ಕೆ, 1930ರ ಏಪ್ರಿಲಿನಲ್ಲಿ, ನಮ್ಮ ಅಂಕೋಲೆಯವರು ಅದೇ ಕಡಲ ನೀರಿನಿಂದ ಉಪ್ಪು ಮಾಡಿ ಕಾಯಿದೆ ಮುರಿದರು. ಮೊರಾಕ್ಕೋ 1956ರಲ್ಲಿ ಸ್ವತಂತ್ರವಾಯಿತು. ಅಂಜದೀವ್ ಮಾತ್ರ 1961ರ ಡಿಸೆಂಬರಿನ ತನಕ ಪೋರ್ಚುಗೀಜರ ಕೈಯಲ್ಲೇ ಇತ್ತು. ಅದನ್ನು ಬಿಡಿಸಲು ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು.

ಕ್ಯಾಥರೀನ್ ಮುಂಬಯಿಯನ್ನು ತಂದಳೆಂದು ಪುಸ್ತಕಗಳು ಹೇಳುತ್ತವೆ. ಪಾಪ, ಆಕೆ ಏನನ್ನೂ ತರಲಿಲ್ಲ. ಆಕೆಯನ್ನೂ ಊರುಗಳ ಜತೆಗೆ ಒಂದೇ ಪಟ್ಟಿಯಲ್ಲಿ ಬರೆದು ಕಳಿಸಿದರು, ಅಷ್ಟೇ.