ಲೆಕ್ಕ ಕಲಿಸುವುದೂ ಕರುಣೆಯ ಕಾರ್ಯ

ಮೇ 1 ಶ್ರಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ಸ್ಥಾಪಿಸಿದ ಈ ಹಬ್ಬ ದುಡಿಮೆಯ ಘನತೆಯನ್ನು ಸಾರುತ್ತದೆ. ದುಡಿದ ಹಣ ಬಡವರ ಕೈಯಲ್ಲಿ ಉಳಿಯಬೇಕೆಂಬುದೂ ಧರ್ಮಸಭೆಯ ಹಳೆಯ ಕಾಳಜಿಯೇ. 1462ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಫ್ರಾನ್ಸಿಸ್ಕನ್ ಗುರುಗಳ ಪ್ರೇರಣೆಯಿಂದ ಬಡವರಿಗೆ ಒತ್ತೆಯ ಮೇಲೆ ಅಗ್ಗದ ಸಾಲ ಕೊಡುವ ನಿಧಿ ಆರಂಭವಾಯಿತು. 1515ರಲ್ಲಿ ಐದನೇ ಲ್ಯಾಟರನ್ ಮಹಾಸಭೆ ಇಂಥ ನಿಧಿಗಳನ್ನು ಒಪ್ಪಿತು.

ನಮ್ಮ ಭದ್ರಾವತಿ ಸಂಬಳದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಆದರೆ ದಿನಗೂಲಿಯವರಿಗೆ, ಮನೆಗೆಲಸದ ತಾಯಂದಿರಿಗೆ ತಿಂಗಳ ಸಂಬಳದ ಭರವಸೆ ಎಲ್ಲಿದೆ? ಕಾಯಿಲೆ ಬಂದರೆ ಕೈಸಾಲವೇ ಗತಿ.

1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ರೂಪುಗೊಂಡಿತು. ಅದರ ಶಿವಮೊಗ್ಗ ಮಲ್ಟಿಪರ್ಪಸ್ ಸೋಶಿಯಲ್ ಸರ್ವಿಸ್ ಸೊಸೈಟಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿತು. ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. 2000ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು.

ಸಂಘದ ತರಬೇತಿ ಉಳಿತಾಯಕ್ಕಷ್ಟೇ ಸೀಮಿತವಲ್ಲ. ಪಾಸ್‌ಪುಸ್ತಕ ಓದುವುದು, ಖರ್ಚು ಬರೆದಿಡುವುದು, ಬಡ್ಡಿ ಲೆಕ್ಕ ಹಾಕುವುದು ಎಲ್ಲವೂ ಪಾಠವೇ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಅಲ್ಪವೆನಿಸುತ್ತದೆ. 10,000 ರೂಪಾಯಿಗೆ ಅದು ವರ್ಷಕ್ಕೆ 6,000! ಸಂಘದಲ್ಲಿ 2 ರೂಪಾಯಿ ದರವಿದ್ದರೆ 2,400. ಆ ಬಡ್ಡಿಯೂ ಸದಸ್ಯರದೇ.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಆಧ್ಯಾದೇಶವನ್ನೇ ಹೊರಡಿಸಬೇಕಾಯಿತು. ಕಾನೂನು ನೆರವಾಗುವುದು ಸಾಲ ಮಾಡಿದ ಮೇಲೆ. ಸಹಿ ಹಾಕುವ ಮುನ್ನ ಜೊತೆಗೆ ಕುಳಿತು ಲೆಕ್ಕ ನೋಡುವವರು ಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ಕೇಳಿದ್ದೇವೆ. ಬಲಿಪೂಜೆಯ ನಂತರ ಒಂದು ಗಂಟೆ ನಮ್ಮ ಧರ್ಮಕೇಂದ್ರದ ಸಭಾಂಗಣವನ್ನು ಈ ಪಾಠಕ್ಕೆ ತೆರೆದಿಡೋಣ.